ತಂಡ ಸೇರುವ ಹಿಂದಿನ ದಿನ: ಇಸ್ತಾಂಬುಲ್‌ನಲ್ಲಿ ಒಬ್ಬನೇ

ಗುಂಪು ಪ್ರವಾಸಕ್ಕೆ ಹೆಸರು ಕೊಟ್ಟ ಮೇಲೆ ನಾನು ಒಂದು ಸಣ್ಣ ಬದಲಾವಣೆ ಕೇಳಿಕೊಂಡೆ. ತಂಡಕ್ಕಿಂತ ಒಂದು ದಿನ ಮೊದಲೇ ಇಸ್ತಾಂಬುಲ್ ತಲುಪುವ ವಿಮಾನದ ಟಿಕೆಟ್ ಬೇಕು ಅಂದೆ. ಮನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. "ಗೈಡ್ ಇಲ್ಲ, ಬಸ್ ಇಲ್ಲ, ಭಾಷೆ ಗೊತ್ತಿಲ್ಲ. ಒಂದು ದಿನ ಒಬ್ಬರೇ ಏನು ಮಾಡ್ತೀರಿ?"

ಇವತ್ತು ಆ ಒಂದು ದಿನದ ಬಗ್ಗೆ ಮಾತ್ರ ಹೇಳುತ್ತೇನೆ. ಆಮೇಲಿನ ಎಂಟು ದಿನಗಳ ಫೋಟೋ ನಿಮ್ಮಲ್ಲಿ ಹಲವರು ಆಗಲೇ ನೋಡಿದ್ದೀರಿ. ಕೆಲವರು ಇಂಥದ್ದೇ ಪ್ರವಾಸಕ್ಕೆ ಹೊರಟಿದ್ದೀರಿ ಅಂತಲೂ ಕೇಳಿದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ದಿನ ನಾನು ಯಾವ ಪ್ರಸಿದ್ಧ ಕಟ್ಟಡದ ಒಳಗೂ ಕಾಲಿಡಲಿಲ್ಲ. ಬೇಕಂತಲೇ. ಹಾಗಿಯಾ ಸೋಫಿಯಾ, ಟೋಪ್‌ಕಾಪಿ ಅರಮನೆ, ನೀಲಿ ಮಸೀದಿ ಎಲ್ಲ ತಂಡದ ಪಟ್ಟಿಯಲ್ಲಿ ಇದ್ದವು. ಗೈಡ್ ಕಥೆ ಹೇಳುತ್ತಾರೆ, ಟಿಕೆಟ್ ಅವರೇ ನೋಡಿಕೊಳ್ಳುತ್ತಾರೆ. ಅದನ್ನೇ ಒಂದು ದಿನ ಮೊದಲು ಅವಸರದಲ್ಲಿ ನೋಡಿ ಏನು ಸಿಗುತ್ತದೆ? ನನಗೆ ಬೇಕಿದ್ದದ್ದು ಬೇರೆ. ಈ ಊರು ಹೇಗೆ ಮಲಗಿದೆ, ನೀರು ಯಾವ ಕಡೆ, ಏರು ಯಾವ ಕಡೆ, ನನ್ನ ಹೋಟೆಲ್ ಎಲ್ಲಿ, ಅಲ್ಲಿಗೆ ಯಾರನ್ನೂ ಕೇಳದೆ ವಾಪಸ್ ಬರುವುದು ಹೇಗೆ. ಇದು ಬಸ್ಸಿನ ಕಿಟಕಿಯಿಂದ ತಿಳಿಯುವುದಿಲ್ಲ. ಬಸ್ ಒಂದು ಕಡೆ ಹತ್ತಿಸಿ ಇನ್ನೊಂದು ಕಡೆ ಇಳಿಸುತ್ತದೆ. ನಡುವಿನದು ಮನಸ್ಸಿನಲ್ಲಿ ಕೂರುವುದೇ ಇಲ್ಲ, ಅಲ್ವಾ?

ಬೆಳಗ್ಗೆ ಬೇಗ ಇಳಿದೆ. ವಿಮಾನ ನಿಲ್ದಾಣ ಊರಿನಿಂದ ದೂರ, ಉತ್ತರಕ್ಕೆ ಕಪ್ಪು ಸಮುದ್ರದ ಹತ್ತಿರ ಇದೆ. ಬಸ್ ಹಿಡಿದು ಸುಲ್ತಾನ್‌ಅಹ್ಮೆತ್ ಪ್ರದೇಶದ ಹೋಟೆಲ್ ತಲುಪಿದಾಗ ಎಂಟು ಗಂಟೆ. ರೂಮ್ ಮಧ್ಯಾಹ್ನ ಎರಡರ ಮೇಲೆ ಅಂದರು. ನಾನು ಅದಕ್ಕೆ ತಯಾರಾಗಿದ್ದೆ. ಬ್ಯಾಗ್ ಅಲ್ಲೇ ಇಟ್ಟು, ಮುಖ ತೊಳೆದು, ಹೋಟೆಲ್ಲಿನ ವಿಳಾಸ ಇರುವ ಕಾರ್ಡ್ ಒಂದನ್ನು ಜೇಬಿಗೆ ಹಾಕಿಕೊಂಡೆ. ಈ ಕಾರ್ಡ್ ಮರೆಯಬೇಡಿ. ಫೋನಿನ ಚಾರ್ಜ್ ಮುಗಿಯುತ್ತದೆ, ಕಾಗದದ ಕಾರ್ಡ್ ಮುಗಿಯುವುದಿಲ್ಲ. ನನ್ನ ಫೋನಿನ ರೋಮಿಂಗ್ ಆವತ್ತು ಸಂಜೆಯವರೆಗೂ ಕೆಲಸ ಮಾಡಲಿಲ್ಲ.

ಗಡಿಯಾರದ ಬಗ್ಗೆಯೂ ಹೇಳಬೇಕು. ಅಲ್ಲಿನ ಸಮಯ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಎಂಟು ಅಂದರೆ ನಮ್ಮ ಮೈಗೆ ಹತ್ತೂವರೆ. ಹಾಗಾಗಿ ಬೆಳಗ್ಗೆ ಕಷ್ಟ ಆಗುವುದಿಲ್ಲ, ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ. ನಡೆಯುವುದನ್ನೆಲ್ಲ ಬೆಳಗ್ಗೆ ಇಟ್ಟುಕೊಂಡೆ, ಕೂತು ನೋಡುವುದನ್ನು ಮಧ್ಯಾಹ್ನಕ್ಕೆ. ಹಗಲು ಮಾತ್ರ ಮಲಗಬೇಡಿ. ಮಲಗಿದರೆ ಆ ದಿನವೂ ಹೋಗುತ್ತದೆ, ರಾತ್ರಿಯ ನಿದ್ದೆಯೂ ಹೋಗುತ್ತದೆ.

ಹೋಟೆಲ್‌ನಿಂದ ಹೊರಟು ಮೊದಲು ಅದೇ ಬೀದಿಗಳನ್ನು ಒಂದು ಸುತ್ತು ಹಾಕಿದೆ. ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ, ವಾಪಸ್ ಹೋಟೆಲ್ ಬಾಗಿಲಿಗೆ. ಹತ್ತು ನಿಮಿಷದ ಕೆಲಸ. ಮೂಲೆಯಲ್ಲಿ ಬ್ರೆಡ್ ಸುಡುವ ಅಂಗಡಿ, ಮುಂದೆ ಒಂದು ಔಷಧಿ ಅಂಗಡಿ, ಒಂದು ಮೆಟ್ಟಿಲ ಮೇಲೆ ಬೆಕ್ಕುಗಳಿಗೆ ಇಟ್ಟ ನೀರಿನ ಬಟ್ಟಲು. ಆ ಊರಿನಲ್ಲಿ ಬೆಕ್ಕು ಎಲ್ಲರದ್ದೂ. ಅಂಗಡಿಯ ಕುರ್ಚಿ ಮೇಲೆ ಬೆಕ್ಕು ಮಲಗಿದ್ದರೆ ಗಿರಾಕಿ ನಿಂತುಕೊಳ್ಳುತ್ತಾರೆ. ಆ ಒಂದು ಸುತ್ತಿನ ನಂತರ ಆ ಬೀದಿ ನನಗೆ ಗುರುತಿನದು ಆಯಿತು. ಭಯ ಅರ್ಧ ಅಲ್ಲೇ ಇಳಿಯಿತು.

ಅಲ್ಲಿಂದ ಐದು ನಿಮಿಷ ನಡೆದರೆ ಹಳೆಯ ಹಿಪ್ಪೊಡ್ರೋಮ್, ಅಂದರೆ ರೋಮನ್ನರ ಕಾಲದಲ್ಲಿ ರಥದ ಓಟ ನಡೆಯುತ್ತಿದ್ದ ಜಾಗ. ಈಗ ಅದು ಉದ್ದನೆಯ ಬಯಲು. ಟಿಕೆಟ್ ಇಲ್ಲ, ಬಾಗಿಲು ಇಲ್ಲ. ಬೆಳಗ್ಗೆ ಎಂಟೂವರೆಗೆ ಅಲ್ಲಿ ಕಸ ಗುಡಿಸುವವರು, ಪಾರಿವಾಳ, ನಾನು. ನಡುವೆ ಒಂದು ಈಜಿಪ್ಟಿನ ಕಲ್ಲಿನ ಕಂಬ ನಿಂತಿದೆ. ಕ್ರಿಸ್ತಪೂರ್ವ 15ನೇ ಶತಮಾನದಲ್ಲಿ ಮೂರನೇ ಥುಟ್ಮೋಸ್ ಎಂಬ ಫೆರೋ ಮಾಡಿಸಿದ್ದು. ಕ್ರಿ.ಶ. 390ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿ ಅದನ್ನು ಇಲ್ಲಿ ನಿಲ್ಲಿಸಿದ. ಅದರ ಮೇಲಿನ ಚಿತ್ರಲಿಪಿ ನಿನ್ನೆ ಕೆತ್ತಿದ ಹಾಗೆ ಚೂಪಾಗಿದೆ. ಪಕ್ಕದಲ್ಲಿ ಹಾವುಗಳು ಹೆಣೆದುಕೊಂಡ ಕಂಚಿನ ಕಂಬ. ಪರ್ಷಿಯನ್ನರನ್ನು ಕ್ರಿ.ಪೂ. 479ರಲ್ಲಿ ಸೋಲಿಸಿದ ನೆನಪಿಗೆ ಗ್ರೀಕರು ತಮ್ಮ ಡೆಲ್ಫಿ ದೇವಸ್ಥಾನದಲ್ಲಿ ಇಟ್ಟಿದ್ದದ್ದು, ಅಲ್ಲಿಂದ ಇಲ್ಲಿಗೆ ಬಂತು. ಹಾವುಗಳ ತಲೆ ಈಗ ಇಲ್ಲ.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಬೇರೆಯದು. ಈ ಕಂಬಗಳ ಬುಡ ನಾವು ನಿಂತ ನೆಲಕ್ಕಿಂತ ಕೆಳಗೆ, ಗುಂಡಿಯೊಳಗೆ ಇದೆ. ಕಂಬ ಕುಸಿದಿದ್ದಲ್ಲ, ನೆಲ ಏರಿದ್ದು. ನೂರಾರು ವರ್ಷದ ಮಣ್ಣು, ಬಿದ್ದ ಗೋಡೆ, ಬೂದಿ ಎಲ್ಲ ಸೇರಿ ಊರೇ ಮೇಲೆ ಬಂದಿದೆ. ಮಾರನೇ ದಿನ ಗುಂಪಿನ ಜೊತೆ ಅದೇ ಜಾಗಕ್ಕೆ ಹೋದಾಗ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ, ಅದರಲ್ಲಿ ಹತ್ತು ಫೋಟೋಗೆ ಹೋಯಿತು. ಸುಮ್ನೆ ಬಗ್ಗಿ ಆ ಗುಂಡಿಯೊಳಗೆ ನೋಡಲು ಪುರುಸೊತ್ತು ಬೇಕು. ಆ ಪುರುಸೊತ್ತು ಒಬ್ಬನೇ ಇದ್ದ ಬೆಳಗ್ಗೆ ಸಿಕ್ಕಿತು.

ಇನ್ನು ಟ್ರಾಮ್. ಆ ಊರಿನಲ್ಲಿ ಇಸ್ತಾಂಬುಲ್‌ಕಾರ್ಟ್ ಅಂತ ಒಂದು ಕಾರ್ಡ್ ಸಿಗುತ್ತದೆ. ನಿಲ್ದಾಣದ ಮಷಿನ್‌ನಲ್ಲೇ ತೆಗೆದುಕೊಂಡು ದುಡ್ಡು ತುಂಬಬಹುದು. ಟ್ರಾಮ್, ಮೆಟ್ರೊ, ಬಸ್, ದೋಣಿ ಎಲ್ಲದಕ್ಕೂ ಅದೇ. ನಾನು ಎಮಿನೋನು ಎಂಬ ದಡಕ್ಕೆ ಹೋಗಬೇಕಿತ್ತು. ಕಾರ್ಡ್ ಒತ್ತಿ, ಬಂದ ಟ್ರಾಮ್ ಹತ್ತಿದೆ. ಅದು ಉಲ್ಟಾ ದಿಕ್ಕಿನದು.

ಪ್ರತಿ ಸಾಲಿನ ಎರಡು ಕೊನೆಯ ನಿಲ್ದಾಣಗಳ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಬೋರ್ಡಿನಲ್ಲಿ ನೀವು ಇಳಿಯುವ ಜಾಗ ಇರುವುದಿಲ್ಲ, ಕೊನೆಯದು ಇರುತ್ತದೆ. ಆ ಟಿ1 ಸಾಲಿನಲ್ಲಿ ಕಬತಾಶ್ ಅಂತ ಇದ್ದರೆ ನೀರಿನ ಕಡೆ, ಇನ್ನೊಂದು ಕೊನೆಯ ಹೆಸರಿದ್ದರೆ ಊರ ಒಳಗಡೆ. ಇದು ಗೊತ್ತಿಲ್ಲದೆ ಹತ್ತಿದೆ. ಮುಂದಿನ ನಿಲ್ದಾಣದಲ್ಲೇ ತಿಳಿದು ಇಳಿದೆ. ಹೆಸರು ಚೆಂಬೆರ್ಲಿತಾಶ್.

ಇಳಿದು ತಲೆ ಎತ್ತಿದರೆ ಎದುರಿಗೆ ಒಂದು ಕಂಬ. ಕೆಂಪು ಕಲ್ಲು, ಬೆಂಕಿಯಿಂದ ಕಪ್ಪಾಗಿದೆ, ಬೀಳದ ಹಾಗೆ ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಆ ನಿಲ್ದಾಣದ ಹೆಸರಿನ ಅರ್ಥವೇ ಪಟ್ಟಿ ಬಿಗಿದ ಕಲ್ಲು. ರೋಮ್‌ನ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರಿ.ಶ. 330ರಲ್ಲಿ ಈ ಊರನ್ನು ತನ್ನ ಹೊಸ ರಾಜಧಾನಿ ಅಂತ ಸಾರಿದಾಗ ನಿಲ್ಲಿಸಿದ ಕಂಬ ಅದು. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನ ಊರಿನ ಶುರು ಅಲ್ಲಿದೆ. ಕಂಬದ ಕೆಳಗೆ ಜನ ಬಸ್ಸಿಗೆ, ಟ್ರಾಮಿಗೆ ಓಡುತ್ತಿದ್ದರು. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ತಪ್ಪು ಟ್ರಾಮ್ ಹತ್ತದಿದ್ದರೆ ನಾನೂ ನೋಡುತ್ತಿರಲಿಲ್ಲ.

ವಾಪಸ್ ಟ್ರಾಮ್ ಹತ್ತಲಿಲ್ಲ. ಹಳಿ ಹಿಡಿದು ನಡೆದೆ. ಆ ರಸ್ತೆಯ ಹೆಸರು ದಿವಾನ್ ಯೋಲು. ಕಾನ್‌ಸ್ಟಾಂಟಿನೋಪಲ್ ಕಾಲದ ಮುಖ್ಯ ರಸ್ತೆ ಇದೇ ದಾರಿಯಲ್ಲಿ ಹೋಗುತ್ತಿತ್ತು, ಸುಲ್ತಾನರು ಇದೇ ದಾರಿಯಲ್ಲಿ ಬಂದರು, ಈಗ ಟ್ರಾಮ್. ನಡೆಯುತ್ತಾ ಒಂದು ವಿಷಯ ಕಾಲಿಗೆ ತಿಳಿಯಿತು. ಈ ಹಳೆಯ ಊರು ಒಂದು ದಿಬ್ಬದ ಮೇಲಿದೆ, ಮೂರು ಕಡೆ ನೀರು. ದಾರಿ ತಪ್ಪಿದರೆ ಇಳಿಯುತ್ತಾ ಹೋಗು, ನೀರು ಸಿಗುತ್ತದೆ. ಏರುತ್ತಾ ಹೋಗು, ಟ್ರಾಮ್ ಹಳಿ ಸಿಗುತ್ತದೆ. ಆ ದಿನ ಇಷ್ಟು ತಿಳಿದದ್ದು ಎಂಟು ದಿನ ಕೆಲಸಕ್ಕೆ ಬಂತು.

ಬೋರ್ಡ್ ಓದುವ ಬಗ್ಗೆ ಸ್ವಲ್ಪ ಹೇಳುತ್ತೇನೆ, ವಿಷಯ ಆಚೆ ಹೋದರೂ ಪರವಾಗಿಲ್ಲ. ತುರ್ಕಿ ಭಾಷೆಗೆ 1928ರಲ್ಲಿ ಲಿಪಿ ಬದಲಾಯಿಸಿದರು. ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂದರು. ಇಂಗ್ಲಿಷ್ ಅಕ್ಷರ ಬಲ್ಲವರು ಬೋರ್ಡ್ ಓದಬಹುದು, ಕೆಲವು ಅಕ್ಷರ ಮಾತ್ರ ಬೇರೆ. ಸಿ ಅಕ್ಷರವನ್ನು ಜ ಅಂತ ಓದಬೇಕು. ಅದರ ಕೆಳಗೆ ಬಾಲ ಇದ್ದರೆ ಚ. ಎಸ್ ಕೆಳಗೆ ಬಾಲ ಇದ್ದರೆ ಶ. ಓದಲು ಶುರು ಮಾಡಿದರೆ ನಮಗೆ ಗೊತ್ತಿರುವ ಪದಗಳು ಎದುರಾಗುತ್ತವೆ. ಬಯಲಿಗೆ ಮೆಯ್ದಾನ್. ಸೋಪಿಗೆ ಸಾಬುನ್. ಗಾಳಿಗೆ ಹವಾ. ತಯಾರಿದೆ ಅನ್ನಲು ಹಾಜಿರ್. ಟೀಗೆ ಚಾಯ್. ಸಕ್ಕರೆಗೆ ಶೆಕೆರ್. ಪರ್ಷಿಯನ್, ಅರಬ್ಬಿ ಪದಗಳು ಆ ಕಡೆಗೂ ಹೋಗಿವೆ, ನಮ್ಮ ಕಡೆಗೂ ಬಂದಿವೆ.

ಇನ್ನೂ ಸೊಗಸಾದದ್ದು ಪದ ಕಟ್ಟುವ ರೀತಿ. ಎವ್ ಅಂದರೆ ಮನೆ. ಎವ್‌ಲೆರ್ ಅಂದರೆ ಮನೆಗಳು. ಎವ್‌ಲೆರ್‌ದೆನ್ ಅಂದರೆ ಮನೆಗಳಿಂದ. ಮನೆ, ಗಳು, ಇಂದ. ಒಂದರ ಬಾಲಕ್ಕೆ ಒಂದು, ಕನ್ನಡದ ಹಾಗೇ. ಕ್ರಿಯಾಪದವೂ ವಾಕ್ಯದ ಕೊನೆಗೇ ಬರುತ್ತದೆ. ಎರಡೂ ಬೇರೆ ಬೇರೆ ಕುಟುಂಬದ ಭಾಷೆಗಳು, ಆದರೂ ಕೇಳುತ್ತಾ ಇದ್ದರೆ ಲಯ ಅಪರಿಚಿತ ಅನಿಸುವುದಿಲ್ಲ. ಸಸ್ಯಾಹಾರಿಗಳು ಒಂದು ಪದ ಬರೆದುಕೊಳ್ಳಿ. ಎತ್ ಅಂದರೆ ಮಾಂಸ, ಎತ್‌ಸಿಜ್ ಅಂದರೆ ಮಾಂಸವಿಲ್ಲದ್ದು. ಕೆಂಪು ಬೇಳೆಯ ಸೂಪ್ ಎಲ್ಲ ಕಡೆ ಸಿಗುತ್ತದೆ, ಹೆಸರು ಮೆರ್ಜಿಮೆಕ್ ಚೋರ್ಬಾಸಿ. ಅದನ್ನೂ ಕೆಲವು ಕಡೆ ಮಾಂಸದ ನೀರಿನಲ್ಲಿ ಮಾಡುತ್ತಾರೆ. ಹಾಗಾಗಿ ಎತ್‌ಸಿಜ್ ಅಂತ ಕೇಳಿಯೇ ತೆಗೆದುಕೊಳ್ಳಿ. ನಿಂಬೆ ಹಿಂಡಿ, ಬ್ರೆಡ್ ಅದ್ದಿ ತಿಂದರೆ ಹೊಟ್ಟೆ ತುಂಬುತ್ತದೆ. ನನ್ನ ಮಧ್ಯಾಹ್ನದ ಊಟ ಅದೇ.

ಇಳಿಜಾರಿನಲ್ಲಿ ಸಿರ್ಕೆಜಿ ರೈಲು ನಿಲ್ದಾಣ ಸಿಕ್ಕಿತು. 1890ರಲ್ಲಿ ಕಟ್ಟಿದ್ದು. ಯುರೋಪಿನಿಂದ ಬರುತ್ತಿದ್ದ ಓರಿಯಂಟ್ ಎಕ್ಸ್‌ಪ್ರೆಸ್ ಇಲ್ಲಿ ಬಂದು ನಿಲ್ಲುತ್ತಿತ್ತು. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಸ್ವಲ್ಪ ಹೊತ್ತು ಕೂತು ಹೊರಟೆ. ಅಲ್ಲಿಂದ ಎಮಿನೋನು ಐದಾರು ನಿಮಿಷ.

ಎಮಿನೋನು ದಡದಲ್ಲಿ ಗದ್ದಲ ಜಾಸ್ತಿ. ಎಡಕ್ಕೆ ಗಲಾಟಾ ಸೇತುವೆ, ಅದರ ಕಟಕಟೆಯ ಉದ್ದಕ್ಕೂ ಗಾಳ ಹಿಡಿದವರ ಸಾಲು. ಮುಂದೆ ದೋಣಿಗಳು. ಬಾಸ್ಫರಸ್ ಜಲಸಂಧಿಯ ಸುತ್ತಾಟಕ್ಕೆ ಬನ್ನಿ ಅಂತ ಕೂಗುವವರು ಬೇರೆ. ನೀವು ಹುಡುಕಬೇಕಾದದ್ದು ಊರಿನ ಜನ ಕೆಲಸಕ್ಕೆ ಹೋಗಿಬರುವ ದೋಣಿ. ಅದಕ್ಕೆ ವಾಪುರ್ ಅನ್ನುತ್ತಾರೆ, ಕಟ್ಟೆಗೆ ಇಸ್ಕೆಲೆ. ಕಟ್ಟೆಯ ಮೇಲೆ ಆ ದೋಣಿ ಹೋಗುವ ಊರಿನ ಹೆಸರು ದೊಡ್ಡದಾಗಿ ಇರುತ್ತದೆ. ನಾನು ಕಾಡಿಕೊಯ್ ಅಂತ ಇದ್ದ ಕಡೆ ಹೋದೆ.

ಗೇಟಿನಲ್ಲಿ ಕಾರ್ಡ್ ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಕಾರ್ಡಿನಲ್ಲಿ ದುಡ್ಡು ಸಾಲದು. ಹಿಂದೆ ಸಾಲು, ದೋಣಿ ಹೊರಡುವ ಹೊತ್ತು. ನನ್ನ ಹಿಂದಿದ್ದ ವಯಸ್ಸಾದ ಹೆಂಗಸು ಏನೂ ಮಾತಾಡದೆ ಕೈ ಚಾಚಿ ತನ್ನ ಕಾರ್ಡ್ ಒತ್ತಿದರು, ಹೋಗು ಅಂತ ಸನ್ನೆ ಮಾಡಿದರು. ಒಳಗೆ ಹೋಗಿ ಲಿರಾ ಕೊಡಲು ಹೋದರೆ ಎದೆಯ ಮೇಲೆ ಕೈ ಇಟ್ಟು ತಲೆ ಆಡಿಸಿದರು, ಬೇಡ ಅಂತ. ತೆಶೆಕ್ಕ್ಯುರ್ ಅಂತ ಧನ್ಯವಾದದ ಪದ ಕಲಿತಿದ್ದೆ. ಅದನ್ನೇ ಎರಡು ಸಲ ಹೇಳಿದೆ. ಅವರು ನಕ್ಕು ಕಿಟಕಿ ಪಕ್ಕ ಹೋಗಿ ಕೂತರು.

ಆ ದೋಣಿ ಪ್ರಯಾಣ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಯುರೋಪಿನಿಂದ ಏಷ್ಯಾಕ್ಕೆ ಹೋಗಿಬಿಡುತ್ತೀರಿ. ಮೇಲಿನ ಡೆಕ್ಕಿನಲ್ಲಿ ಕೂರಿ. ಒಬ್ಬರು ತಟ್ಟೆ ಹಿಡಿದು ಚಹಾ ತರುತ್ತಾರೆ. ಹಾಲಿಲ್ಲದ ಕೆಂಪು ಚಹಾ, ಸೊಂಟ ಸಣ್ಣಗಿರುವ ಗಾಜಿನ ಲೋಟ, ಪಕ್ಕದಲ್ಲಿ ಎರಡು ಸಕ್ಕರೆ ತುಂಡು. ಜನ ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ ಮುರಿದು ಗಾಳಿಗೆ ಎಸೆಯುತ್ತಾರೆ, ಕಡಲ ಹಕ್ಕಿಗಳು ಹಾರುತ್ತಲೇ ಹಿಡಿಯುತ್ತವೆ. ಆ ಬ್ರೆಡ್ಡಿನ ಹೆಸರು ಸಿಮಿತ್.

ಇಲ್ಲಿ ಕೂತು ನಾನು ಮಿನಾರ್ ಎಣಿಸಲು ಕಲಿತೆ. ಹೊಸಬರಿಗೆ ಅಲ್ಲಿನ ಎಲ್ಲ ಮಸೀದಿಗಳೂ ಒಂದೇ ಥರ ಕಾಣುತ್ತವೆ. ನೀರಿನ ಮೇಲಿಂದ ನೋಡಿ ಎಣಿಸಿದರೆ ಬೇರೆ ಬೇರೆ ಆಗುತ್ತವೆ. ಆರು ಮಿನಾರ್ ಇದ್ದರೆ ನೀಲಿ ಮಸೀದಿ, 1616ರಲ್ಲಿ ಮುಗಿದದ್ದು. ಅದರ ಪಕ್ಕ ನಾಲ್ಕು ಇದ್ದು, ಅದರಲ್ಲಿ ಒಂದು ಇಟ್ಟಿಗೆ ಕೆಂಪು ಬಣ್ಣದ್ದಾದರೆ ಹಾಗಿಯಾ ಸೋಫಿಯಾ, 537ರಲ್ಲಿ ಚರ್ಚ್ ಆಗಿ ಮುಗಿದ ಕಟ್ಟಡ, ಮಿನಾರ್‌ಗಳು ಬಂದದ್ದು 1453ರಲ್ಲಿ ತುರ್ಕರು ಊರು ಗೆದ್ದ ನಂತರ. ಇನ್ನೊಂದು ದಿಬ್ಬದ ಮೇಲೆ ಬೇರೆಯಾಗಿ ನಾಲ್ಕು ಇದ್ದರೆ ಸುಲೇಮಾನಿಯೆ, ವಾಸ್ತುಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ್ದು. ಆಚೆ ದಡದಲ್ಲಿ ಟೋಪಿ ಹಾಕಿದ ಹಾಗೆ ಒಂದೇ ದುಂಡು ಗೋಪುರ ಇದ್ದರೆ ಗಲಾಟಾ. ಈ ನಾಲ್ಕು ಗುರುತು ಸಿಕ್ಕರೆ ಊರಿನ ಯಾವ ಎತ್ತರದ ಜಾಗದಿಂದ ನೋಡಿದರೂ ದಿಕ್ಕು ತಿಳಿಯುತ್ತದೆ. ನನ್ನ ಹೋಟೆಲ್ ಆರರ ಹಿಂದೆ ಇತ್ತು. ಅಷ್ಟೇ ಸಾಕಾಯಿತು.

ಕಾಡಿಕೊಯ್‌ನಲ್ಲಿ ಇಳಿದು ದಡದಲ್ಲಿ ಕೂತೆ. ಈ ಜಾಗಕ್ಕೆ ಒಂದು ಹಳೆಯ ಕಥೆ ಇದೆ. ಹಿಂದೆ ಇದರ ಹೆಸರು ಖಾಲ್ಕೆಡಾನ್. ಗ್ರೀಕರು ಮೊದಲು ಬಂದು ಊರು ಕಟ್ಟಿದ್ದು ಇಲ್ಲಿ. ಎದುರು ದಡದಲ್ಲಿ ಬೈಜಾಂಟಿಯಂ, ಅಂದರೆ ಇಸ್ತಾಂಬುಲ್ ಆಗಿ ಬೆಳೆದ ಮೊದಲ ಊರು, ಆಮೇಲೆ ಹುಟ್ಟಿತು. ಪರ್ಷಿಯದ ಸೇನಾಪತಿ ಮೆಗಾಬಜಸ್ ಬೈಜಾಂಟಿಯಂಗೆ ಬಂದಾಗ, ಇಂಥ ಒಳ್ಳೆಯ ಜಾಗ ಎದುರಿಗಿದ್ದೂ ಖಾಲ್ಕೆಡಾನ್‌ನಲ್ಲಿ ನೆಲೆಸಿದವರು ಕುರುಡರೇ ಇರಬೇಕು ಅಂದನಂತೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇದನ್ನು ಬರೆದಿದ್ದಾನೆ.

ಇದನ್ನು ನಾನು ಮನೆಯಲ್ಲೇ ಓದಿದ್ದೆ. ಆಗ ಏನೂ ಅನಿಸಿರಲಿಲ್ಲ. ಆ ದಡದಲ್ಲಿ ಕೂತಾಗ ಕಣ್ಣೆದುರಿಗೇ ಬಂತು. ಎದುರಿನ ದಿಬ್ಬಕ್ಕೆ ಮೂರು ಕಡೆ ನೀರಿನ ಕಾವಲು. ಅದರ ಆಚೆ ಮಗ್ಗುಲಲ್ಲಿ ಗೋಲ್ಡನ್ ಹಾರ್ನ್ ಎಂಬ ಉದ್ದನೆಯ ಕೊಲ್ಲಿ, ಅಲೆಯಿಲ್ಲದ ಬಂದರು. ಬಾಸ್ಫರಸ್‌ನ ಮೇಲಿನ ನೀರು ಕಪ್ಪು ಸಮುದ್ರದಿಂದ ಮರ್ಮರಾ ಸಮುದ್ರದ ಕಡೆ ಹರಿಯುತ್ತದೆ. ಆ ಹರಿವು ಬರುವ ಹಡಗನ್ನು ಬೈಜಾಂಟಿಯಂ ಕಡೆಗೆ ತಳ್ಳುತ್ತಿತ್ತು, ಖಾಲ್ಕೆಡಾನ್ ಸೇರಲು ಕಷ್ಟಪಡಬೇಕಿತ್ತು ಅಂತ ಪೊಲಿಬಿಯಸ್ ಎಂಬ ಇತಿಹಾಸಕಾರ ವಿವರಿಸಿದ್ದಾನೆ. ಮೀನಿನ ಹಿಂಡೂ ಆ ಕಡೆಗೇ ಹೋಗುತ್ತಿದ್ದವು ಅಂತ ಸ್ಟ್ರಾಬೊ ಎಂಬ ಹಳೆಯ ಭೂಗೋಳಕಾರ ಬರೆದಿದ್ದಾನೆ. ರೋಮ್ ಚಕ್ರವರ್ತಿ ಯಾಕೆ ಇಲ್ಲಿಗೇ ಬಂದ, ಸುಲ್ತಾನರು ಯಾಕೆ ಇದನ್ನೇ ಬಯಸಿದರು ಅಂತ ಮಾರನೇ ದಿನ ಗೈಡ್ ಹೇಳುವಾಗ ನನಗೆ ಆ ನೀರು ಕಾಣುತ್ತಿತ್ತು. ನಮ್ಮ ತಂಡದವರಿಗೆ ಕೇಳಿದ್ದು ಇಸವಿಗಳು ಮಾತ್ರ. ಅದು ಅವರ ತಪ್ಪಲ್ಲ. ಅವರಿಗೆ ಯಾರೂ ಈ ದಡದಿಂದ ಆ ದಡ ತೋರಿಸಿರಲಿಲ್ಲ.

ಸೂರ್ಯ ಮಿನಾರ್‌ಗಳ ಹಿಂದೆ ಇಳಿಯುವ ಹೊತ್ತಿಗೆ ವಾಪಸ್ ದೋಣಿ ಹತ್ತಿದೆ. ಈ ಸಲ ಮೊದಲೇ ಕಾರ್ಡಿಗೆ ದುಡ್ಡು ತುಂಬಿದ್ದೆ.

ಒಂದು ಕಹಿ ಅನುಭವವೂ ಇದೆ, ಬಚ್ಚಿಡುವುದಿಲ್ಲ. ಸೇತುವೆಯ ಹತ್ತಿರ ಬೂಟು ಪಾಲಿಶ್ ಮಾಡುವವನೊಬ್ಬ ನನ್ನ ಮುಂದೆ ನಡೆಯುತ್ತಿದ್ದ. ಅವನ ಪೆಟ್ಟಿಗೆಯಿಂದ ಬ್ರಷ್ ಬಿತ್ತು. ನಾನು ಕರೆದು ಎತ್ತಿಕೊಟ್ಟೆ. ಅವನು ಬಹಳ ಸಂತೋಷಪಟ್ಟು, ಉಪಕಾರಕ್ಕೆ ಬದಲಾಗಿ ಅಂತ ನನ್ನ ಬೂಟಿಗೆ ಪಾಲಿಶ್ ಹಚ್ಚಲು ಕೂತ. ಮುಗಿದ ಮೇಲೆ ದುಡ್ಡು ಕೇಳಿದ, ಅದೂ ದೊಡ್ಡ ಮೊತ್ತ. ಮಕ್ಕಳಿಗೆ ಹುಷಾರಿಲ್ಲ ಅಂದ. ಸ್ವಲ್ಪ ಕೊಟ್ಟು ಬಂದೆ. ಬ್ರಷ್ ಬೀಳಿಸುವುದೇ ಒಂದು ಉಪಾಯ, ಹೊಸಬರಿಗೆ ಆಗಾಗ ಆಗುತ್ತದೆ ಅಂತ ರಾತ್ರಿ ಹೋಟೆಲ್‌ನಲ್ಲಿ ಹೇಳಿದರು. ನೀವು ಬ್ರಷ್ ಎತ್ತಿಕೊಡಿ, ಖಂಡಿತ ಕೊಡಿ. ಕೊಟ್ಟು ನಡೆಯುತ್ತಾ ಇರಿ, ನಿಲ್ಲಬೇಡಿ. ಬೆಳಗ್ಗೆ ತಂಡಕ್ಕೆ ನಾನು ಮೊದಲು ಹೇಳಿದ್ದು ಇದನ್ನೇ. ಅದರ ಜೊತೆಗೆ ದೋಣಿಯ ಗೇಟಿನಲ್ಲಿ ಕಾರ್ಡ್ ಒತ್ತಿದ ಆ ಹೆಂಗಸಿನ ವಿಷಯವನ್ನೂ ಹೇಳಿದೆ. ಬೂಟಿನ ಕಥೆ ಮಾತ್ರ ಹೇಳಿದ್ದರೆ ಎಲ್ಲರೂ ಎಂಟು ದಿನ ಕೈಚೀಲ ಅವಚಿಕೊಂಡೇ ಓಡಾಡುತ್ತಿದ್ದರು.

ಮೂರನೇ ದಿನ ಗೈಡ್ ನಮ್ಮನ್ನು ಎಮಿನೋನುವಿನ ಮಸಾಲೆ ಮಾರುಕಟ್ಟೆ ಹತ್ತಿರ ಬಿಟ್ಟು, ಎರಡು ಗಂಟೆ ಖರೀದಿ ಮಾಡಿ, ದೂರ ಹೋಗಬೇಡಿ ಅಂದರು. ನಾನು ಗೈಡ್‌ಗೆ ಹೇಳಿ ಕಾಡಿಕೊಯ್ ದೋಣಿಗೆ ಹೊರಟೆ. ನಾಲ್ಕು ಜನ ಜೊತೆಗೆ ಬಂದರು. ಅದರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ. ಅಲ್ಲಿಯವರೆಗೆ ಗೈಡಿನ ಬಾವುಟ ಬಿಟ್ಟು ಹತ್ತು ಹೆಜ್ಜೆ ಆಚೆ ಹೋಗಿರಲಿಲ್ಲ. ಹೋಗುವಾಗ ಅವರು ನನ್ನ ತೋಳು ಬಿಡಲಿಲ್ಲ.

ಬರುವಾಗ ಡೆಕ್ಕಿನ ಕಂಬಿ ಹಿಡಿದು ಒಬ್ಬರೇ ನಿಂತಿದ್ದರು. ಬೆರಳು ಮಾಡಿ ಎಣಿಸುತ್ತಿದ್ದರು. "ಒಂದು, ಎರಡು, ಮೂರು... ಆರು. ಅದೇ ಅಲ್ವಾ ನಮ್ಮ ಹೋಟೆಲ್ ಕಡೆ? ನಾಳೆ ಬೆಳಗ್ಗೆ ಎಲ್ಲರೂ ಏಳೋಕೆ ಮುಂಚೆ ನಾನೊಂದು ಸುತ್ತು ಹಾಕಿ ಬರ್ತೀನಿ."